ಚಿತ್ರ ಮೊದಲೋ, ಪ್ರೋಗ್ರಾಂ ಮೊದಲೋ?

ಬೀರುವಿನ ಬೀಗ ಮುರಿದಿರಲಿಲ್ಲ. ಒಳಗೆ ಚಾರ್ಟ್ ಮಾತ್ರ ಇರಲಿಲ್ಲ.

ಹೇಮಶ್ರೀ ಮೇಡಂ ಬೀರುವನ್ನು ಮುಚ್ಚಿದರು, ಮತ್ತೆ ತೆರೆದರು. ಹಾಗೆ ಮಾಡಿದರೆ ಬಂದುಬಿಡುತ್ತದೆ ಎಂಬಂತೆ. ಬರಲಿಲ್ಲ. ಫ್ಲಾಪಿ ಡಬ್ಬಿ ತೆಗೆದರು. ಖಾಲಿ. ಕಂಪ್ಯೂಟರ್ ಆನ್ ಮಾಡಿದರು. ಅವರ ಫೋಲ್ಡರ್ ಇದ್ದ ಜಾಗದಲ್ಲಿ ಏನೂ ಇಲ್ಲ.

"ಶರಾವತಿ, ನೀನೇನಾದ್ರೂ ತೆಗೆದ್ಯಾ?"

"ನಾನ್ಯಾಕೆ ತೆಗೀಲಿ ಮೇಡಂ?"

೨೦೦೧ರ ಮಾರ್ಚ್. ಸೋಮವಾರ, ಬೆಳಿಗ್ಗೆ ಒಂಬತ್ತೂಕಾಲು. ಶಿವಮೊಗ್ಗದ ಹೊಳೆಹೊನ್ನೂರು ರಸ್ತೆಯಲ್ಲಿದ್ದ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬ್. ನಾನು ಕೊನೆಯ ವರ್ಷದವಳು. ಮೇಡಂ ಬಳಿ ಪ್ರಾಜೆಕ್ಟ್ ಮಾಡುತ್ತಿದ್ದೆ. ಮಾಡುತ್ತಿದ್ದೆ ಅನ್ನುವುದಕ್ಕಿಂತ ಅವರ ಚಾರ್ಟಿಗೆ ಬಣ್ಣ ಹಚ್ಚುತ್ತಿದ್ದೆ. ಆ ಬಣ್ಣವೂ ಚಾರ್ಟಿನ ಜೊತೆ ಹೋಗಿತ್ತು.

ಶನಿವಾರ ಯೂನಿವರ್ಸಿಟಿಯ ಸಮಿತಿ ಬರುವುದಿತ್ತು. ಆರು ವರ್ಷದ ಪಿಎಚ್‌ಡಿ ಕೆಲಸವನ್ನು ಮೇಡಂ ಆ ಸಮಿತಿಯ ಎದುರು ಕಂಪ್ಯೂಟರಿನಲ್ಲಿ ಓಡಿಸಿ ತೋರಿಸಬೇಕಿತ್ತು. ಓಡಿಸಲು ಈಗ ಏನಿದೆ?

ಹತ್ತು ಗಂಟೆಗೆ ವಿಭಾಗದ ಮುಖ್ಯಸ್ಥರಾದ ಶಂಕರನಾರಾಯಣ ಸರ್ ಒಳಗೆ ಬಂದರು. ಕೈಯಲ್ಲಿ ಕವರು.

"ಹೇಮಶ್ರೀ, ಯೋಗರಾಜ್ ದೂರು ಕೊಟ್ಟಿದಾರೆ."

ಯೋಗರಾಜ್ ನಮ್ಮದೇ ವಿಭಾಗದ ಹಿರಿಯ ಲೆಕ್ಚರರ್. ಕಾಲೇಜಿನಲ್ಲಿ ಅವರಷ್ಟು ಚೆನ್ನಾಗಿ ಕೋಡ್ ಬರೆಯುವವರು ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅವರೂ ಹೇಳುತ್ತಿದ್ದರು.

"ಏನಂತ ದೂರು ಸರ್?"

"ನೀವು ಅವರ ಪ್ರೋಗ್ರಾಂ ಕದ್ದು, ಅದನ್ನ ನೋಡ್ಕೊಂಡು ಚಾರ್ಟಲ್ಲಿ ಚಿತ್ರ ಬರೆದಿದೀರಿ ಅಂತ. ಪ್ರಿಂಟೌಟ್ ಇಟ್ಟಿದಾರೆ. ತಾರೀಕು ಹೋದ ಅಕ್ಟೋಬರಿಂದು. ನಿಮ್ಮ ಚಾರ್ಟಿನ ಹೆಸರು ವಿಭಾಗದ ರಿಜಿಸ್ಟರಿಗೆ ಹತ್ತಿದ್ದು ಡಿಸೆಂಬರಲ್ಲಿ."

"ಸರ್, ಚಿತ್ರದಿಂದ್ಲೇ ಆ ಪ್ರೋಗ್ರಾಂ ಬಂದಿದ್ದು!"

"ತೋರಿಸಿ."

ಮೇಡಂ ಖಾಲಿ ಬೀರು ತೋರಿಸಿದರು. ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

"ದೂರು ಬಂದ ದಿನಾನೇ ಸಾಕ್ಷಿ ಕಾಣೆ. ನೀವೇ ಅಳಿಸಿದ್ರಿ ಅಂತ ಅಂದ್ರೆ ನಾನೇನು ಹೇಳ್ಲಿ? ಶನಿವಾರ ಸಮಿತಿ ಮುಂದೆ ಇಡ್ತೀನಿ. ಕಾಪಿ ಅಂತ ತೀರ್ಮಾನ ಆದ್ರೆ ನೋಂದಣಿ ರದ್ದು. ಕೆಲಸಾನೂ ಹೋಗುತ್ತೆ."

ಅಷ್ಟು ಹೇಳಿ ಹೋದರು. ಮೇಡಂ ಕುರ್ಚಿ ಹುಡುಕಿ ಕುಳಿತರು.

ನನಗೆ ಒಂದೇ ಹೆಸರು ಹೊಳೆಯಿತು. ಸ್ಕ್ವಾಡ್ ಧನಲಕ್ಷ್ಮಿ.

*

ಧನಲಕ್ಷ್ಮಿ ಮೇಡಂ ನನಗೆ ಭದ್ರಾವತಿಯಲ್ಲಿ ಪಿಯುಸಿ ಗಣಿತ ಕಲಿಸಿದವರು. ಇಪ್ಪತ್ತು ವರ್ಷದಿಂದ ಪರೀಕ್ಷೆಯ ಸ್ಕ್ವಾಡಿನಲ್ಲಿದ್ದರು. ಕಾಪಿ ಹೊಡೆಯುವವರನ್ನು ಹಿಡಿಯುವ ತಂಡ ಅದು. ರೇಷ್ಮೆ ಸೀರೆ ಉಟ್ಟರೂ ಕಾಲಿಗೆ ಕ್ಯಾನ್ವಾಸ್ ಶೂ. ಹೆಜ್ಜೆ ಸದ್ದು ಕೇಳಬಾರದಲ್ಲ! ಕಂಪ್ಯೂಟರ್ ಮುಟ್ಟಿದವರಲ್ಲ. ಆದರೆ ಯಾರು ಯಾರದನ್ನು ನೋಡಿ ಬರೆದರು ಎನ್ನುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

ಸಂಜೆ ಹೇಮಶ್ರೀ ಮೇಡಂ, ನಾನು ಬಸ್ಸಿನಲ್ಲಿ ಭದ್ರಾವತಿಗೆ ಹೋದೆವು. ಧನಲಕ್ಷ್ಮಿ ಮೇಡಂ ಹಳೇನಗರದ ತಮ್ಮ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ನಿನ್ನ ಮೇಡಂ ಅಳ್ತಾರಾ?" ನನ್ನನ್ನು ಕೇಳಿದರು.

"ಇಲ್ಲ."

"ಒಳ್ಳೇದು. ಅತ್ರೆ ನಂಗೆ ಲೆಕ್ಕ ತಪ್ಪುತ್ತೆ. ಹೇಳಮ್ಮ, ಏನು ನಿನ್ನ ಕೆಲಸ? ಕಂಪ್ಯೂಟರ್ ಭಾಷೆ ಬೇಡ, ನಂಗೆ ಅರ್ಥ ಆಗೋ ಹಾಗೆ."

ಹೇಮಶ್ರೀ ಮೇಡಂ ಯೋಚಿಸಿದರು. "ನಮ್ಮಪ್ಪ ಇಲ್ಲೇ ಭದ್ರಾವತೀಲಿ ಎರಕಕ್ಕೆ ಮರದ ಮಾದರಿ ಮಾಡ್ತಿದ್ರು. ಒಂದು ಮಾದರಿ. ಅದನ್ನ ಮರಳಲ್ಲಿ ಒತ್ತಿ ಅಚ್ಚು. ಅಚ್ಚಿಗೆ ಕಬ್ಬಿಣ ಹೊಯ್ದ್ರೆ ನೂರಾರು ಚಕ್ರ. ಚಕ್ರ ವಕ್ರ ಬಂದ್ರೆ ಅಪ್ಪ ಚಕ್ರ ಉಜ್ಜೋಕೆ ಹೋಗ್ತಿರ್ಲಿಲ್ಲ. ಮರ ತಿದ್ದೋರು."

"ಸರಿ."

"ನಾನು ಇಂಜಿನಿಯರಿಂಗ್ ಓದೋವಾಗ ನೋಡಿದೆ, ಎಲ್ರೂ ಚಕ್ರ ಉಜ್ಜೋರೇ. ಪ್ರೋಗ್ರಾಂ ತಪ್ಪಾದ್ರೆ ಸಾವಿರ ಸಾಲಲ್ಲಿ ಒಂದೊಂದೇ ಸಾಲು ತಿದ್ತಾರೆ. ನಂಗನ್ನಿಸ್ತು, ಮೊದ್ಲು ಕೆಲಸದ ಚಿತ್ರ ಬರೆಯೋಣ. ಚೌಕ, ಬಾಣ. ಯಾವ ಹಂತ ಆದ್ಮೇಲೆ ಯಾವ ಹಂತ, ಅಷ್ಟೇ. ಆ ಚಿತ್ರ ಓದಿ ಪ್ರೋಗ್ರಾಂ ಬರೆಯೋ ಇನ್ನೊಂದು ಪ್ರೋಗ್ರಾಂ ಮಾಡೋಣ ಅಂತ. ಆಮೇಲೆ ತಿದ್ದೋದಿದ್ರೆ ಚಿತ್ರ ತಿದ್ದು, ಸಾಲು ಮುಟ್ಬೇಡ."

"ಅದಕ್ಕೆ ಆರು ವರ್ಷ?"

"ಮೂರು ವರ್ಷ ಎಲ್ರೂ ನಕ್ಕರು. ಉಳಿದ ಮೂರು ವರ್ಷದಲ್ಲಿ ಮಾಡಿದೆ. ಇಲ್ಲೇ ಮೂರ್ತಪ್ಪನವರ ಎರಕದ ಕಾರ್ಖಾನೆಗೆ ಅಂತ, ಇನ್ನೂ ಅಲ್ಲಿ ಹಾಕಿಲ್ಲ. ಯಾವ ಮಾಲು ಯಾವ ಹಂತದಲ್ಲಿದೆ ಅಂತ ದೀಪದ ಬೋರ್ಡಲ್ಲಿ ತೋರಿಸುತ್ತೆ. ಅಚ್ಚು ರೆಡಿ ಇಲ್ದೆ ಕಬ್ಬಿಣ ಹೊಯ್ಯೋಕೆ ಬಿಡಲ್ಲ." ಖಾಲಿ ಬೀರು, ಯೋಗರಾಜ್ ದೂರು, ಅದನ್ನೂ ಹೇಳಿ ಮುಗಿಸಿದರು.

"ಯೋಗರಾಜ್‌ಗೆ ನಿನ್ನ ಪ್ರೋಗ್ರಾಂ ಹೆಂಗೆ ಸಿಕ್ತು?"

"ಜನವರೀಲಿ ನಾನೇ ಫ್ಲಾಪಿ ಕೊಟ್ಟೆ. ಟೆಸ್ಟ್ ಮಾಡಿಕೊಡಿ ಸರ್ ಅಂತ. ಚಿತ್ರ ಕೊಡ್ಲಿಲ್ಲ, ಚಿತ್ರದಿಂದ ಬಂದ ಪ್ರೋಗ್ರಾಂ ಮಾತ್ರ."

"ಕೊಟ್ಟಿದ್ದಕ್ಕೆ ಸಾಕ್ಷಿ?"

"ಇಲ್ಲ."

"ಪೆದ್ದಿ," ಎಂದು ಧನಲಕ್ಷ್ಮಿ ಮೇಡಂ ಅವರೆಕಾಳಿನ ಬುಟ್ಟಿ ಪಕ್ಕಕ್ಕಿಟ್ಟರು. "ನಾಳೆ ಬರ್ತೀನಿ."

*

ಮರುದಿನ ಧನಲಕ್ಷ್ಮಿ ಮೇಡಂ ಮೊದಲು ಹಿಡಿದದ್ದು ಭೀಮೇಶ್ ಅವರನ್ನು. ಲ್ಯಾಬಿನ ಉಸ್ತುವಾರಿ ಅವರದು. ಬೀರುವಿನ ಕೀ ಅವರ ಹತ್ತಿರವೇ ಇರಬೇಕು ಎಂಬುದು ನಿಯಮ.

"ಕೀ ಎಲ್ಲಿಡ್ತೀರಿ?"

"ಮೊಳೆಗೆ ಮೇಡಂ."

"ಯಾವ ಮೊಳೆ?"

ಭೀಮೇಶ್ ಬಾಗಿಲ ಹಿಂದಿನ ಮೊಳೆ ತೋರಿಸಿದರು. ಅದಕ್ಕೆ ಕೀ ತೂಗುತ್ತಿತ್ತು. ಕೆಳಗೆ ಅವರದೇ ಅಕ್ಷರದಲ್ಲಿ 'ಬೀರು ಕೀ' ಎಂಬ ಚೀಟಿ ಬೇರೆ.

"ಮಾರಾಯ, ಕಳ್ಳರಿಗೆ ವಿಳಾಸ ಬರೆದಿಟ್ಟಿದೀಯಲ್ಲೋ!"

"ಎಲ್ರೂ ಕೇಳ್ತಾ ಇರ್ತಾರೆ ಮೇಡಂ, ದಿನಕ್ಕೆ ಇಪ್ಪತ್ತು ಸಲ. ಭಾನುವಾರ ಅರ್ಧ ಕಾಲೇಜು ಇತ್ತು, ಇಂಟರ್ನಲ್ ಮಾರ್ಕ್ಸ್ ಹಾಕೋಕೆ. ನಾನು ಕದ್ದಿಲ್ಲ. ಆದ್ರೆ ಎಲ್ರೂ ನನ್ನೇ ನೋಡ್ತಾ ಇದಾರೆ."

"ನೋಡ್ಲಿ ಬಿಡು. ಬೀಗ ನಂಗೆ ಬೇಡ. ಬೀಗದ ದಾರೀಲಿ ಹೋದ್ರೆ ಇಪ್ಪತ್ತು ಜನ ಸಿಗ್ತಾರೆ."

ನಂತರ ಶಂಕರನಾರಾಯಣ ಸರ್. ಅವರ ಮೇಜಿನ ಮೇಲೆ ಒಂದು ಕಡೆ ಕಂಪೈಲರ್ ಪುಸ್ತಕ, ಇನ್ನೊಂದು ಕಡೆ ತರ್ಕಶಾಸ್ತ್ರದ ಹಳೆಯ ಸಂಸ್ಕೃತ ಪುಸ್ತಕ.

"ನಿಮಗೆ ಯಾರ ಮೇಲೆ ಅನುಮಾನ ಸರ್?"

"ಇದು ಬೀಜವೃಕ್ಷ ನ್ಯಾಯ ಕಣಮ್ಮ. ಬೀಜದಿಂದ ಮರವೋ, ಮರದಿಂದ ಬೀಜವೋ? ಚಿತ್ರದಿಂದ ಪ್ರೋಗ್ರಾಂ ಬರುತ್ತೆ. ಪ್ರೋಗ್ರಾಂ ನೋಡಿ ಚಿತ್ರಾನೂ ಬರೀಬಹುದು. ಎರಡೂ ಸರಿಯಾಗಿದ್ರೆ ಯಾವುದು ಮೊದಲು ಅಂತ ಹೆಂಗೆ ಹೇಳೋದು? ತಾರೀಕು ಒಂದೇ ಆಧಾರ."

"ಆ ತಾರೀಕು ಯಾರು ಹಾಕ್ತಾರೆ?"

"ಕಂಪ್ಯೂಟರ್."

"ಕಂಪ್ಯೂಟರಿಗೆ ಯಾರು ಹೇಳ್ತಾರೆ?"

ಸರ್ ಕಂಪೈಲರ್ ಪುಸ್ತಕವನ್ನು ಪಕ್ಕಕ್ಕೆ ಸರಿಸಿದರು. "ಅದರ ಗಡಿಯಾರ ಹಿಂದಕ್ಕೆ ತಿರುಗಿಸಬಹುದು," ಎಂದು ಒಪ್ಪಿಕೊಂಡರು. "ಆದ್ರೆ ತಿರುಗಿಸಿದಾರೆ ಅನ್ನೋದಕ್ಕೆ ಪುರಾವೆ ಬೇಕಲ್ಲ?"

ಕೊನೆಗೆ ಯೋಗರಾಜ್. ನಗುನಗುತ್ತಾ ಬಂದರು. ಪ್ರಿಂಟೌಟಿನ ಕಟ್ಟು ತಾವೇ ಮುಂದಿಟ್ಟರು.

"ನೋಡಿ ಮೇಡಂ. ಮುನ್ನೂರು ಪುಟ. ಒಂದೊಂದು ಸಾಲೂ ನನ್ನ ಕೈಯಿಂದ."

"ಓದೇ ಶರಾವತಿ, ಮೊದಲ್ನೇ ಪುಟ."

ನಾನು ಓದಿದೆ. ಹಂತಗಳ ಪಟ್ಟಿ. ಒಂದು, ತಪಾಸಣೆ. ಎರಡು, ಉಜ್ಜುವುದು. ಮೂರು, ಅಚ್ಚು ಒಡೆಯುವುದು. ನಾಲ್ಕು, ಮರಳು ಕಲಸುವುದು. ಐದು, ಅಚ್ಚು ಕಟ್ಟುವುದು. ಆರು, ತಣಿಸುವುದು. ಏಳು, ಎರಕ ಹೊಯ್ಯುವುದು. ಎಂಟು, ಕರಗಿಸುವುದು. ಒಂಬತ್ತು, ಗುಜರಿ ತೂಕ. ಪ್ರೋಗ್ರಾಮಿನೊಳಗೆ ಹಂತಗಳಿಗೆ ಹೆಸರಿಲ್ಲ, ಬರೀ ಈ ನಂಬರುಗಳು. ನಂಬರು ನಂಬರೇ ತಾನೆ? ನಾನು ಪುಟ ತಿರುವಿದೆ.

ಧನಲಕ್ಷ್ಮಿ ಮೇಡಂ ಬೇರೆಯೇ ಕೇಳಿದರು. "ಎರಕದ ಕೆಲಸ ನಿಮಗೆ ಯಾರು ಹೇಳ್ಕೊಟ್ರು?"

"ಮಾಲೀಕರು. ಮೂರ್ತಪ್ಪನವರು ಇಡೀ ಪ್ರೋಸೆಸ್ ಟೈಪ್ ಮಾಡಿಸಿ ಕೊಟ್ರು. ಅದನ್ನ ನೋಡಿ ಬರೆದೆ. ದೂರಿನ ಜೊತೆ ಅದೂ ಇದೆ."

"ಕೆಲಸಗಾರರನ್ನ ಕೇಳ್ಲಿಲ್ವಾ? ಅಲ್ಲಿ ನಾಗಯ್ಯ ಅಂತ ಒಬ್ರು ಹಳಬರು ಇದಾರಂತೆ, ಹೇಮಶ್ರೀ ಹೇಳಿದ್ಲು."

"ಆ ಮುದುಕನ್ನಾ? ನಾನು ಅವನ ಜೊತೆ ಒಂದು ಮಾತೂ ಆಡಿಲ್ಲ. ಅವನಿಗೇನು ಗೊತ್ತು ಮೇಡಂ, ಸುತ್ತಿಗೆ ಹಿಡಿಯೋನಿಗೆ? ಹೇಮಶ್ರೀಗೆ ಅಂಥೋರ ಜೊತೆ ಕೂತು ಹರಟೋಕೆ ಟೈಮಿದೆ."

"ಇದನ್ನ ಒಂದು ಚೀಟೀಲಿ ಬರೆದು ಕೊಡ್ತೀರಾ? ನಂಗೆ ಮರೆವು."

ಯೋಗರಾಜ್ ನಕ್ಕು, ಬರೆದು, ಸಹಿ ಮಾಡಿ ಕೊಟ್ಟರು. ಅಕ್ಷರ ಮುತ್ತಿನಂತಿತ್ತು.

ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ಮೇಡಂ, ಒಂದು ವೇಳೆ... ಹೇಮಶ್ರೀ ಮೇಡಮ್ಮೇ ಕಾಪಿ ಮಾಡಿದ್ರೆ?"

"ಮಾಡಿದ್ರೆ ಅವಳನ್ನೇ ಹಿಡೀತೀನಿ. ನಾನು ಯಾರ ಪಾರ್ಟಿನೂ ಅಲ್ಲ ಮಾರಾಯ್ತಿ."

*

ಗುರುವಾರ ಧನಲಕ್ಷ್ಮಿ ಮೇಡಂ, ನಾನು ಕಾರ್ಖಾನೆಗೆ ಹೋದೆವು. ಮಾಲೀಕ ಮೂರ್ತಪ್ಪ ಒಂದು ನಿಮಿಷದಲ್ಲಿ ಕೈ ತೊಳೆದುಕೊಂಡರು.

"ಇಬ್ರೂ ಬಂದಿದ್ರು ಕಣ್ರೀ. ಯಾರು ಮೊದ್ಲೋ ನಂಗೆ ನೆನಪಿಲ್ಲ. ಯೋಗರಾಜ್‌ಗೆ ಒಂದು ಹಾಳೆ ಕೊಟ್ಟೆ, ಹೌದು. ಗುಜರಿಯಿಂದ ಶುರು, ತಪಾಸಣೇಲಿ ಕೊನೆ. ಬ್ಯಾಂಕಿಗೂ ಅದೇ ಹಾಳೆ ಕೊಡೋದು. ಹೇಮಶ್ರೀ ಹಾಳೆ ಬೇಡ ಅಂದು ಸೀದಾ ಒಳಗೆ ಹೋದ್ಲು."

ಒಳಗೆ ಕಪ್ಪು ಮರಳು, ಬಿಸಿ ಗಾಳಿ. ಯಾರೋ ತಮಿಳಿನಲ್ಲಿ ಬೈಯುತ್ತಿದ್ದರು, ಇನ್ಯಾರೋ ತೆಲುಗಿನಲ್ಲಿ ನಗುತ್ತಿದ್ದರು. ಮೂಲೆಯಲ್ಲಿ ನಾಗಯ್ಯ ಒಂದು ಚಕ್ರವನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟಿದ್ದರು. ಇಪ್ಪತ್ತೆಂಟು ವರ್ಷದಿಂದ ತಪಾಸಣೆಯೇ ಅವರ ಕೆಲಸ.

"ಯೋಗರಾಜ್ ಅಂತ ಮೇಷ್ಟ್ರು ನಿಮ್ಮ ಹತ್ರ ಬಂದಿದ್ರಾ?"

"ಇಲ್ಲಮ್ಮ. ಪ್ಯಾಂಟು ಮಸಿ ಆಗುತ್ತೆ ಅಂತ ಬಾಗ್ಲಲ್ಲೇ ನಿಂತಿದ್ರು. ಹೇಮಶ್ರೀ ಅಮ್ಮೋರು ಇಡೀ ದಿನ ಕೂತಿದ್ರು. ನಾನು ಹೇಳ್ತಾ ಹೋದೆ, ಅವ್ರು ಚೌಕ ಹಾಕ್ತಾ ಹೋದ್ರು."

"ನಮಗೂ ಹೇಳಿ ನಾಗಯ್ಯ. ಶರಾವತಿ, ಬರ್ಕೋ. ಅವರು ಹೇಳಿದ ಹಾಗೇ ಬರ್ಕೋ. ಜಾಣತನ ಮಾಡ್ಬೇಡ."

ನಾಗಯ್ಯ ಸುತ್ತಿಗೆ ಕೆಳಗಿಟ್ಟರು. "ಮೊದ್ಲು ನಾನು. ತಪಾಸಣೆ. ತಟ್ಟಿದಾಗ ಸದ್ದು ಒಡಕಾಗಿ ಬಂತು ಅನ್ನಿ, ಯಾರನ್ನ ಹಿಡೀಬೇಕು? ಮೊದ್ಲು ಉಜ್ಜೋರನ್ನ. ಅವ್ರು 'ನಮ್ದಲ್ಲಪ್ಪ' ಅಂತಾರೆ. ಆಮೇಲೆ ಅಚ್ಚು ಒಡೆಯೋರು. ಅವ್ರದ್ದೂ ಅಲ್ಲ! ಒಡೆದ ಮರಳು ಎಲ್ಲಿಗ್ ಹೋಗುತ್ತೆ? ವಾಪಸ್ ಕಲಸೋಕೆ. ಹಂಗಾಗಿ ಮರಳು ಕಲಸೋನು. ಅವನ ಪಕ್ಕ ಅಚ್ಚು ಕಟ್ಟೋನು. ಆಮೇಲೆ... ಅಯ್ಯ, ತಣಿಸೋದು ಬಿಟ್ಟೇಬಿಟ್ಟೆ ನೋಡಿ! ತಣಿಸೋದು. ಹೊಯ್ಯೋದು. ಕರಗಿಸೋದು. ಗುಜರಿ ತೂಗೋದು. ಮುಗೀತು."

"ಹೊಸ ಹುಡುಗರಿಗೂ ಹೀಗೇ ಹೇಳ್ತೀರಾ?"

"ಹೀಗೇ. ತಣಿಸೋದು ಪ್ರತಿ ಸಲಾನೂ ಬಿಡ್ತೀನಿ. ನಗ್ತಾವೆ, ಮುಂಡೇವು."

ಧನಲಕ್ಷ್ಮಿ ಮೇಡಂ ನನ್ನ ಹಾಳೆ ಕಿತ್ತುಕೊಂಡು ಮಡಚಿ ಬ್ಯಾಗಿಗೆ ಹಾಕಿದರು.

"ನಾಗಯ್ಯ, ಶನಿವಾರ ರಜೆ ಹಾಕಿ. ಶಿವಮೊಗ್ಗಕ್ಕೆ ಬರ್ಬೇಕು."

*

ಸಮಿತಿಯಲ್ಲಿ ಮೂವರು. ಅಧ್ಯಕ್ಷರು ವೀರಪ್ಪ ಎಂಬ ಪ್ರೊಫೆಸರು. ಮುಖದಲ್ಲಿ ನಗುವಿನ ಗುರುತೇ ಇಲ್ಲ. ಧನಲಕ್ಷ್ಮಿ ಮೇಡಂ ಶೂ ಸದ್ದಿಲ್ಲದೆ ಒಳಗೆ ಬಂದು ನಿಂತಾಗ ಅವರು ಬೆಚ್ಚಿದರು.

"ನೀವು ಕಂಪ್ಯೂಟರ್ ಓದಿದೀರಾ?"

"ಇಲ್ಲ ಸಾರ್. ಉತ್ತರಪತ್ರಿಕೆ ಓದಿದೀನಿ. ಹತ್ತು ನಿಮಿಷ ಕೊಡಿ."

ಶಂಕರನಾರಾಯಣ ಸರ್ ತಲೆಯಾಡಿಸಿದರು. ಧನಲಕ್ಷ್ಮಿ ಮೇಡಂ ಶುರುಮಾಡಿದರು.

"ಪಕ್ಕಪಕ್ಕ ಇಬ್ಬರು ಹುಡುಗ್ರು. ಇಬ್ಬರ ಉತ್ತರಾನೂ ಸರಿ. ಯಾರು ಯಾರದ್ದು ನೋಡಿದ? ಒಂದೇ ತಪ್ಪು ಇಬ್ಬರಲ್ಲೂ ಇದ್ರೆ ಸಿಕ್ಕಿಬೀಳ್ತಾರೆ ಅಂತಾರೆ. ಆದ್ರೆ ಬುದ್ಧಿವಂತ ಕಾಪಿ ಹೊಡೆಯೋವಾಗ ತಪ್ಪು ತಿದ್ಕೋತಾನೆ. ಪದ ಬದಲಾಯಿಸ್ತಾನೆ. ಒಂದನ್ನ ಮಾತ್ರ ಬದಲಾಯಿಸಲ್ಲ. ಕ್ರಮ! ಒಬ್ಬ ಮೊದಲು ಇಪ್ಪತ್ತೆರಡನೇ ಪ್ರಶ್ನೆ ಬರೀತಾನೆ, ಯಾಕಂದ್ರೆ ಅದು ಅವನಿಗೆ ಚೆನ್ನಾಗಿ ಬರುತ್ತೆ. ಆಮೇಲೆ ಏಳು, ಆಮೇಲೆ ಮೂವತ್ತೊಂದು. ಪಕ್ಕದೋನೂ ಇಪ್ಪತ್ತೆರಡು, ಏಳು, ಮೂವತ್ತೊಂದು ಅಂತಲೇ ಬರೆದಿರ್ತಾನೆ. ಯಾಕೆ ಆ ಕ್ರಮ ಅಂತ ಕೇಳಿ. ಒಬ್ಬನಿಗೆ ಕಾರಣ ಗೊತ್ತಿರುತ್ತೆ. ಇನ್ನೊಬ್ಬನಿಗೆ ಇರಲ್ಲ."

ಅವರು ಯೋಗರಾಜ್ ಕಡೆ ತಿರುಗಿದರು. "ನಿಮ್ಮ ಪ್ರೋಗ್ರಾಮಲ್ಲಿ ಮರಳು ಯಾಕೆ ನಾಲ್ಕನೇದು?"

"ಅಂದ್ರೆ?"

"ಎರಕದಲ್ಲಿ ಮರಳು ಕಲಸೋದು ಶುರುವಿನ ಕೆಲಸ. ಮಾಲೀಕರ ಹಾಳೇಲಿ ಅದು ಮೂರನೇದು, ತಣಿಸೋದು ಆರು. ನಿಮ್ಮಲ್ಲಿ ಮೊದಲ್ನೇದೇ ತಪಾಸಣೆ. ಕೊನೇ ಕೆಲಸ! ಹಿಂದಿನಿಂದ ಎಣಿಸಿದ್ರಿ ಅಂತಾನೇ ಇಟ್ಕೊಳ್ಳೋಣ. ಆಗ ಅಚ್ಚು ಒಡೆಯೋದು ಆದ್ಮೇಲೆ ತಣಿಸೋದು ಬರ್ಬೇಕು. ಮರಳು ಹೆಂಗೆ ಬಂತು?"

"ನಂಬರ್ ಯಾವುದಾದ್ರೇನು? ಹೆಂಗೋ ಕೊಟ್ಟೆ."

"ನಾಗಯ್ಯ, ನಿಮ್ಮ ಕೆಲಸ ಹೇಳಿ."

ನಾಗಯ್ಯ ಹೇಳಿದರು. ತಪಾಸಣೆ. ಉಜ್ಜೋದು. ಒಡೆಯೋದು. ಮರಳು. ಅಚ್ಚು. "ಅಯ್ಯ, ತಣಿಸೋದು ಬಿಟ್ಟೆ!" ತಣಿಸೋದು. ಹೊಯ್ಯೋದು. ಕರಗಿಸೋದು. ಗುಜರಿ. ವೀರಪ್ಪನವರ ಬೆರಳು ಪ್ರಿಂಟೌಟಿನ ಮೇಲೆ ಒಂದೊಂದೇ ಸಾಲು ಇಳಿಯಿತು. ಒಂಬತ್ತೂ ತಾಳೆಯಾದವು.

"ಇದು ಗುರುವಾರ ಇವಳು ಬರ್ಕೊಂಡ ಹಾಳೆ. ಅದೇ ಕ್ರಮ. ಹೇಮಶ್ರೀ, ನಿಮ್ಮ ಚಿತ್ರದಲ್ಲಿ ಚೌಕಗಳಿಗೆ ನಂಬರ್ ಯಾರು ಕೊಡ್ತಾರೆ?"

"ಯಾರೂ ಕೊಡಲ್ಲ," ಹೇಮಶ್ರೀ ಮೇಡಂ ನಿಧಾನವಾಗಿ ಎದ್ದರು. ಅವರಿಗೂ ಅದು ಆಗಲೇ ಹೊಳೆದದ್ದು. "ನಾನು ಯಾವ ಚೌಕ ಮೊದಲು ಹಾಕ್ತೀನೋ ಅದಕ್ಕೆ ಒಂದು. ಎರಡನೇದಕ್ಕೆ ಎರಡು. ತಾನೇ ಹಾಕ್ಕೊಳ್ಳುತ್ತೆ. ನಾಗಯ್ಯ ಹೇಳಿದ ಹಾಗೆ ಚೌಕ ಹಾಕಿದ್ದೆ. ಕ್ರಮದ ಬಗ್ಗೆ ಯೋಚನೇನೇ ಮಾಡಿರ್ಲಿಲ್ಲ."

"ಆ ನಂಬರಲ್ಲಿ ನಾಗಯ್ಯನ ಮರೆವಿದೆ. ಅದು ಹೇಮಶ್ರೀ ಚಿತ್ರಕ್ಕೆ ಬಂತು, ಚಿತ್ರದಿಂದ ಪ್ರೋಗ್ರಾಮಿಗೆ ಬಂತು. ಪ್ರೋಗ್ರಾಂ ಮೊದಲು ಅನ್ನೋದಾದ್ರೆ, ನಾಗಯ್ಯನ ಜೊತೆ ಒಂದು ಮಾತೂ ಆಡದ ಮನುಷ್ಯನ ತಲೇಲಿ ನಾಗಯ್ಯನ ಮರೆವು ಹೆಂಗೆ ಬಂತು?" ಅವರು ಸಹಿ ಹಾಕಿದ ಚೀಟಿಯನ್ನು ಮೇಜಿನ ಮೇಲಿಟ್ಟರು. "ಯೋಗರಾಜ್, ಕಾಪಿ ನಿಮ್ಮದು. ಬೀರು ಖಾಲಿ ಮಾಡಿದ್ದೂ ನೀವೇ. ಚಿತ್ರದಿಂದ ಪ್ರೋಗ್ರಾಂ ಬರೋದನ್ನ ಹೇಮಶ್ರೀ ಓಡಿಸಿ ತೋರಿಸಬಾರದು ಅಂತ."

"ಕಾಕತಾಳೀಯ!" ಯೋಗರಾಜ್ ದನಿ ಏರಿತು. "ಬರೀ ಊಹೆ!"

ವೀರಪ್ಪ ಪ್ರಿಂಟೌಟಿನಿಂದ ತಲೆಯೆತ್ತಿದರು. "ಇರಬಹುದು. ಕಂಪ್ಯೂಟರ್ ಇದೆ, ನಿಮ್ಮ ಪ್ರೋಗ್ರಾಂ ಇದೆ. ಮರಳಿಗೆ ನಾಲ್ಕರ ಬದಲು ಮೂರು ಮಾಡಿ. ಒಡೆಯೋದಕ್ಕೆ ನಾಲ್ಕು. ಓಡಿಸಿ ತೋರ್ಸಿ. ಕೈಯಿಂದ ಬರೆದೋರಿಗೆ ಹತ್ತು ನಿಮಿಷದ ಕೆಲಸ."

ಯೋಗರಾಜ್ ಕುಳಿತರು. ಹತ್ತು ನಿಮಿಷ ಆಯಿತು. ಇಪ್ಪತ್ತು ಆಯಿತು. ಯಂತ್ರ ಬರೆದ ಮುನ್ನೂರು ಪುಟದಲ್ಲಿ ಆ ನಾಲ್ಕು ಎಲ್ಲೆಲ್ಲಿ ಹುದುಗಿದೆ ಎಂದು ಅವರಿಗೆ ತಿಳಿಯದು. ಒಂದು ಕಡೆ ತಿದ್ದಿದರೆ ಇನ್ನೆಲ್ಲೋ ಕೆಡುತ್ತಿತ್ತು. ನಲವತ್ತನೇ ನಿಮಿಷಕ್ಕೆ ಕೀಬೋರ್ಡಿನಿಂದ ಕೈ ತೆಗೆದರು.

"ಹನ್ನೆರಡು ವರ್ಷ," ಎಂದರು, ಪರದೆಯನ್ನೇ ನೋಡುತ್ತಾ. "ಹನ್ನೆರಡು ವರ್ಷ ಒಂದೊಂದು ಸಾಲೂ ಕೈಯಿಂದ ಬರೆಯೋದು ಕಲ್ತೆ, ಕಲಿಸ್ದೆ. ಜನವರೀಲಿ ಇವಳ ಫ್ಲಾಪಿ ಓಡಿಸ್ದೆ. ಒಂದು ತಪ್ಪೂ ಇಲ್ಲ. ಚಿತ್ರ ಬರೆದ್ರೆ ಸಾಕು ಅಂದ್ರೆ ನಾನು ಯಾತಕ್ಕೆ?"

ಬಾಗಿಲ ಬಳಿ ನಿಂತಿದ್ದ ಭೀಮೇಶ್ ದೊಡ್ಡದಾಗಿ ಉಸಿರು ಬಿಟ್ಟರು.

ಹೇಮಶ್ರೀ ಮೇಡಂ ಒಂದೇ ಪ್ರಶ್ನೆ ಕೇಳಿದರು. "ಫ್ಲಾಪಿಗಳು ಎಲ್ಲಿ ಸರ್?"

"ತುಂಗೆಗೆ ಹಾಕ್ದೆ. ಚಾರ್ಟೂ."

ನನಗೆ ಕುಣಿಯಬೇಕು ಅನ್ನಿಸಿದ್ದು ಅಲ್ಲೇ ನಿಂತಿತು. ಮೇಡಂ ಗೆದ್ದಿದ್ದರು. ಆದರೆ ಚಿತ್ರ ಓದಿ ಪ್ರೋಗ್ರಾಂ ಬರೆಯುವ ಅವರ ಮೂಲ ಪ್ರೋಗ್ರಾಂ, ಆರು ವರ್ಷದ ಆ ಕೆಲಸ, ಹೊಳೆಯ ತಳದಲ್ಲಿತ್ತು.

ವೀರಪ್ಪ ಪೆನ್ನಿನ ಮುಚ್ಚಳ ತೆಗೆದರು. "ಕೆಲಸ ನಿಮ್ಮದೇ ಅಂತ ಬರೀತೀನಿ ಹೇಮಶ್ರೀ. ಅದರಲ್ಲಿ ಅನುಮಾನ ಇಲ್ಲ. ಆದ್ರೆ ಓಡಿಸಿ ತೋರಿಸದೆ ಡಿಗ್ರಿ ಕೊಡೋಕಾಗಲ್ಲ. ಇನ್ನೆಷ್ಟು ಕಾಲ ಬೇಕು? ಇನ್ನಾರು ವರ್ಷಾನಾ?"

ಮೇಡಂ ಕಿಟಕಿಯ ಕಡೆ ನೋಡಿದರು. ಬೆರಳುಗಳು ಏನನ್ನೋ ಲೆಕ್ಕ ಹಾಕುತ್ತಿದ್ದವು.

"ಆರು ವರ್ಷ ಹಿಡಿದಿದ್ದು ಏನು ಮಾಡ್ಬೇಕು ಅಂತ ಕಂಡುಹಿಡಿಯೋಕೆ ಸರ್. ಮಾಡೋಕೆ ಎರಡು ತಿಂಗಳು ಸಾಕು."

"ಎರಡು ತಿಂಗಳು," ವೀರಪ್ಪ ಬರೆದುಕೊಂಡರು.

ಹನ್ನೊಂದು ವಾರ ಹಿಡಿಯಿತು.